ತದ್ರೂಪಿಗೆ ಕೊಟ್ಟ ದನಿ

ಸ್ಟುಡಿಯೋದಲ್ಲಿ ಎಲ್ಲರೂ ಅವಳನ್ನು ದನಿಯಕ್ಕ ಎನ್ನುತ್ತಿದ್ದರು, ಅವಳ ಗಂಡನನ್ನು ಕಿವಿ ಸಾರ್ ಎನ್ನುತ್ತಿದ್ದರು. ಇಪ್ಪತ್ತೆರಡು ವರ್ಷಗಳಿಂದ ಅವಳು ಭಾಷೆ ಬಾರದ ನಾಯಕಿಯರ ಬಾಯಿಗೆ ಮಾತು ತುಂಬುತ್ತಿದ್ದಳು, ಅವನು ಗಾಜಿನ ಆಚೆ ಕೂತು ಅದನ್ನು ರೆಕಾರ್ಡ್ ಮಾಡುತ್ತಿದ್ದ. ಎಷ್ಟು ಜನರ ಪರವಾಗಿ ಅವಳು ಬಿಕ್ಕಿ ಬಿಕ್ಕಿ ಅತ್ತಿದ್ದಾಳೋ, ಎಷ್ಟು ನಾಯಕರಿಗೆ ನೀನಿಲ್ಲದೆ ಬದುಕಲಾರೆ ಎಂದಿದ್ದಾಳೋ, ದೇವರೇ ಬಲ್ಲ. ಪರದೆಯ ಮೇಲೆ ಮುಖ ಇನ್ನೊಬ್ಬಳದ್ದು, ಚಪ್ಪಾಳೆಯೂ ಇನ್ನೊಬ್ಬಳಿಗೇ. ಅದನ್ನು ಅವಳು ಯಾವತ್ತೂ ತಲೆಗೆ ಹಚ್ಚಿಕೊಂಡವಳಲ್ಲ.

ಇನ್ನು ಅವನ ಕಿವಿ. ಅದು ಕಿವಿಯಲ್ಲ, ಊರಿಗೇ ಕಟ್ಟಿದ ಬಲೆ. ಮೂರು ಕೋಣೆ ಆಚೆ ಯಾರೋ ಫ್ಯಾನ್ ಹಾಕಿದರೆ ಇಲ್ಲಿ ಕೈ ಎತ್ತಿ ಕೆಲಸ ನಿಲ್ಲಿಸುತ್ತಿದ್ದ. ಹಿಂದಿನ ಕುರ್ಚಿ ಕಿರ್‌ ಎಂದರೆ ಸಾಕು, ತಿರುಗಿ ನೋಡದೆಯೇ ಕೂತವರು ಯಾರೆಂದು ಹೇಳುತ್ತಿದ್ದ. ಬೂತಿನೊಳಗೆ ಅವಳು ಬಳೆ ಹಾಕುವ ಹಾಗಿಲ್ಲ, ಗಂಜಿ ಹಾಕಿದ ಬಟ್ಟೆ ಉಡುವ ಹಾಗಿಲ್ಲ, ಹಸಿದುಕೊಂಡು ಬರುವ ಹಾಗೂ ಇಲ್ಲ. ಹೊಟ್ಟೆ ಗುರ್ ಎಂದರೂ ಅವನಿಗೆ ಕೇಳುತ್ತಿತ್ತು. “ಮೇಡಂ, ಎರಡು ಬಿಸ್ಕತ್ ತಿಂದ್ಕೊಂಡು ಬನ್ನಿ, ಕಾಯ್ತೀವಿ” ಎಂದು ಆಚೆಯಿಂದ ಸ್ಪೀಕರಿನಲ್ಲಿ ಹೇಳುತ್ತಿದ್ದ. ಹೌದು, ಮೇಡಂ. ಕೆಲಸದ ಜಾಗದಲ್ಲಿ ಗಂಡ ಹೆಂಡತಿ ಇಲ್ಲ ಎಂದು ಮದುವೆಯಾದ ಹೊಸದರಲ್ಲೇ ಅವನು ನಿಯಮ ಮಾಡಿದ್ದ. ಅಲ್ಲಿ ಅವಳು ಮೇಡಂ, ಅವನು ಸಾರ್. ಮನೆಗೆ ಬಂದ ಮೇಲೆ ರೀ, ಲೇ. ಈಚೆಗಂತೂ ಮನೆಯಲ್ಲಿ ಅದೂ ಇರಲಿಲ್ಲ. “ಊಟ” ಎಂದರೆ ಊಟ ಆಗಿದೆ ಎಂದರ್ಥ, “ಬಾಗಿಲು” ಎಂದರೆ ಹೊರಗೆ ಹೋಗುತ್ತಿದ್ದೇನೆ ಎಂದರ್ಥ.

ಈ ಸಲದ ಚಿತ್ರ ವಿಜ್ಞಾನದ ಕಥೆ. ಒಬ್ಬ ವಿಜ್ಞಾನಿ, ಅವನ ಹೆಂಡತಿ ತೀರಿಹೋಗಿದ್ದಾಳೆ. ಅವಳ ಒಂದು ಕೂದಲಿನಿಂದ ಲ್ಯಾಬಿನವರು ಅವಳದೇ ತದ್ರೂಪಿಯನ್ನು ಬೆಳೆಸಿ ಅವನ ಮನೆಗೆ ತಂದು ಬಿಡುತ್ತಾರೆ. ಅದೇ ಮುಖ, ಅದೇ ನಡಿಗೆ, ಕತ್ತಿನ ಮೇಲೆ ಅದೇ ಮಚ್ಚೆ. ಒಂದು ವರ್ಷ ಅವಳು ಅವನ ಜೊತೆ ಇರುತ್ತಾಳೆ. ಅವನ ಕನ್ನಡಕ ಹುಡುಕಿಕೊಡುತ್ತಾಳೆ, ಅವನು ಕೆಮ್ಮಿದರೆ ಎದ್ದು ನೀರು ತರುತ್ತಾಳೆ, ಅವನಿಗೆ ಸಿಟ್ಟು ಬಂದಾಗ ಬಾಯಿಗೆ ಬೀಗ ಹಾಕಿಕೊಳ್ಳುತ್ತಾಳೆ. ಆ ಮಹಾನುಭಾವನಿಗೆ ಮಾತ್ರ ಸಮಾಧಾನವಿಲ್ಲ. ಇವಳಿಗೆ ನಿಜಕ್ಕೂ ಪ್ರೀತಿ ಇದೆಯೋ, ಪ್ರೀತಿ ಇರುವವಳ ಹಾಗೆ ನಡೆದುಕೊಳ್ಳುವುದನ್ನು ಕಲಿತಿದ್ದಾಳೋ ಎಂದು ಅವನಿಗೆ ಅನುಮಾನ. ಕೊನೆಗೆ ಲ್ಯಾಬಿನವರನ್ನು ಕರೆಸಿ ಅವಳನ್ನು ವಾಪಸ್ ಕೊಟ್ಟುಬಿಡುತ್ತಾನೆ. ವಾಪಸ್ ಹೋದವರನ್ನು ಅಲ್ಲಿ ಮುಗಿಸಿಬಿಡುತ್ತಾರೆ. ಅದು ಅವನಿಗೂ ಗೊತ್ತು, ಅವಳಿಗೂ ಗೊತ್ತು. ಬಾಗಿಲಲ್ಲಿ ನಿಂತು ಅವಳು ಹೇಳುವ ಕೊನೆಯ ಮಾತು ಇಷ್ಟೇ: “ನಂಗೇನೂ ಆಗಿಲ್ಲ. ನೀವು ಬಾಗಿಲು ಹಾಕ್ಕೊಳ್ಳಿ, ಚಳಿ ಬರುತ್ತೆ.”

ಸತ್ತ ಹೆಂಡತಿಯ ಮಾತುಗಳೂ ದನಿಯಕ್ಕನವೇ, ತದ್ರೂಪಿಯ ಮಾತುಗಳೂ ಅವಳವೇ. ಮೂರು ದಿನ ಕೆಲಸ ನೀರು ಕುಡಿದಷ್ಟು ಸಲೀಸಾಗಿ ನಡೆಯಿತು. ನಾಲ್ಕನೆಯ ದಿನ ಮಧ್ಯಾಹ್ನ ಈ ಕೊನೆಯ ಮಾತಿನ ಹತ್ತಿರ ಬಂದು ನಿಂತುಕೊಂಡಿತು.

“ಅಕ್ಕಾ, ಅದರಲ್ಲಿ ಫೀಲಿಂಗ್ ಬರ್ತಿದೆ,” ಎಂದ ಡೈರೆಕ್ಟರು. ಮೂವತ್ತು ದಾಟದ ಹುಡುಗ, ಮಾತೆತ್ತಿದರೆ ಎರಡೂ ಕೈಯಲ್ಲಿ ಚೌಕಟ್ಟು ಕಟ್ಟಿ ತೋರಿಸುವವನು. “ನಂಗೆ ಅದು ಬೇಡ. ಅವಳಿಗೆ ಮಾತು ಬರುತ್ತೆ, ಪ್ರೀತಿ ಬರಲ್ಲ. ಟೇಪ್ ರೆಕಾರ್ಡರ್‌ಗೆ ಬರುತ್ತಾ ಪ್ರೀತಿ? ಹಾಗೆ.”

ದನಿಯಕ್ಕ ಬೂತಿನಿಂದಲೇ ಕೇಳಿದಳು. “ಪ್ರೀತಿ ಇಲ್ದೇ ಇದ್ರೆ ಅವನ ಚಳಿ ಯೋಚನೆ ಯಾಕಪ್ಪಾ ಮಾಡ್ತಾಳೆ? ಹೊರಟಿರೋದು ಸಾಯೋಕೆ.”

“ಅದು ಅಭ್ಯಾಸ ಅಕ್ಕಾ. ಒಂದು ವರ್ಷ ಬಾಗಿಲು ಹಾಕಿ ಹಾಕಿ ಕಲಿತಿದ್ದು.”

“ನಾವೆಲ್ಲ ಇನ್ನೇನು ಹುಟ್ಟುತ್ತಲೇ ಕಲಿತ್ಕೊಂಡು ಬರ್ತೀವಾ?”

ಡೈರೆಕ್ಟರು ಹಿಂದೆ ಸೋಫಾದ ಮೇಲೆ ಕೂತಿದ್ದ ಸಂಭಾಷಣೆಯವರ ಕಡೆ ತಿರುಗಿದ. ಅರವತ್ತು ದಾಟಿದ ಮನುಷ್ಯ, ಆ ಮಾತನ್ನು ಬರೆದವರೇ ಅವರು. “ನೀವೇ ಹೇಳಿ ಸಾರ್, ಅವಳಿಗೆ ಪ್ರೀತಿ ಇದೆಯಾ ಇಲ್ವಾ?”

ಸಂಭಾಷಣೆಯವರು ಕನ್ನಡಕ ಒರೆಸಿಕೊಂಡರು. “ಬರೆಯೋವಾಗ ಇದೆ ಅಂತಲೇ ಬರೆದೆ. ಈಗ ನೀವು ಹೇಳೋದು ಕೇಳಿದ್ರೆ ಹಾಗೂ ಇರಬಹುದು, ಹೀಗೂ ಇರಬಹುದು.” ಇನ್ನೂ ಎರಡು ಚಿತ್ರಗಳ ಕೆಲಸ ಅವರಿಗೆ ಆ ಹುಡುಗನಿಂದಲೇ ಬರಬೇಕಿತ್ತು. ಪಾಪ, ಅವರೇನು ಮಾಡಿಯಾರು?

ಹತ್ತು ಟೇಕ್ ಆಯಿತು, ಹದಿನಾಲ್ಕಾಯಿತು. ದನಿಯಕ್ಕ ದನಿಯನ್ನು ತಗ್ಗಿಸಿದಳು, ಒಣಗಿಸಿದಳು, ಮೂಗಿನಿಂದ ಆಡಿದಳು, ಉಸಿರು ಬಿಟ್ಟು ಆಡಿದಳು. ಏನು ಮಾಡಿದರೂ ಆ ಮಾತಿನೊಳಗಿನಿಂದ ಅವಳು ಹೊರಗೆ ಬರಲು ಆಗುತ್ತಿರಲಿಲ್ಲ. ಪರದೆಯ ಮೇಲೆ ಆ ಹೆಣ್ಣು ಬಾಗಿಲಿಗೆ ಕೈಯಿಟ್ಟು ನಿಂತಿದ್ದಳು, ತುಟಿ ಸ್ವಲ್ಪವೇ ಅಲುಗುತ್ತಿತ್ತು, ಕಣ್ಣು ಮಾತ್ರ ಅವನ ಕಾಲಿನಲ್ಲಿ ಚಪ್ಪಲಿ ಇಲ್ಲದ್ದನ್ನು ನೋಡುತ್ತಿತ್ತು. ಅದನ್ನು ನೋಡಿಯೂ ದನಿಯನ್ನು ಕಲ್ಲು ಮಾಡಿಕೊಳ್ಳುವುದು ಹೇಗೆ? ಇವಳೇ ಅಲ್ಲ, ಯಾರಿಗೆ ತಾನೇ ಆಗುತ್ತದೆ?

ಆಗ ಸ್ಪೀಕರಿನಲ್ಲಿ ಅವಳ ಗಂಡನ ದನಿ ಬಂತು. “ಮೇಡಂ, ನನ್ನ ಹತ್ರ ಒಂದು ಸ್ಯಾಂಪಲ್ ಇದೆ. ಇವರಿಗೆ ಬೇಕಾಗಿರೋದು ಅದೇ ಅನ್ಸುತ್ತೆ. ಹಾಕ್ಲಾ?”

“ಹಾಕಿ ಸಾರ್,” ಎಂದಳು. ಯಾವುದೋ ಹಳೆಯ ಚಿತ್ರದ್ದಿರಬೇಕು ಎಂದುಕೊಂಡಳು.

ಅವನು ಒಂದು ಹಳೆಯ ಡಿಸ್ಕ್ ಜೋಡಿಸಿ, ಫೈಲು ಹುಡುಕಿ, ಒತ್ತಿದ. ಹೆಡ್‌ಫೋನಿನಲ್ಲಿ ಒಬ್ಬ ಹೆಂಗಸು ಮಾತಾಡಿದಳು. ಹಿಂದೆ ಮುಂದೆ ಒಂದಿಷ್ಟೂ ಸದ್ದಿಲ್ಲ, ತೊಳೆದಿಟ್ಟ ತಟ್ಟೆಯ ಹಾಗೆ ಮಾತಷ್ಟೇ.

“ನಂಗೇನೂ ಆಗಿಲ್ಲ. ನೀವು ಊಟ ಮಾಡಿ. ಆರಿ ಹೋಗುತ್ತೆ.”

ಆರು ಸೆಕೆಂಡು. ಡೈರೆಕ್ಟರು ಕುರ್ಚಿಯಿಂದ ಎದ್ದೇ ಬಿಟ್ಟ. “ಇದೇ! ಇದೇ ಸಾರ್! ಅಬ್ಬಾ, ಮೈ ಜುಮ್ ಅಂತು. ಒಳಗೆ ಯಾರೂ ಇಲ್ಲ, ಖಾಲಿ ಮನೆ! ಯಾರು ಸಾರ್ ಇದು?”

“ಇವರೇ,” ಎಂದ ಅವನು, ಗಾಜಿನ ಕಡೆ ಗಲ್ಲ ಎತ್ತಿ ತೋರಿಸಿ. “ಹಳೇದು. ಪಿಕ್ಚರ್‌ದಲ್ಲ, ಮೈಕ್ ಟೆಸ್ಟ್ ಮಾಡ್ತಿದ್ದಾಗಿನದು.”

ದನಿಯಕ್ಕನಿಗೆ ದಿನವೂ ಗೊತ್ತಾಯಿತು, ಗಂಟೆಯೂ ಗೊತ್ತಾಯಿತು, ಅಡುಗೆಮನೆಯ ಕಿಟಕಿಯಲ್ಲಿ ಆಗ ಎಷ್ಟು ಬೆಳಕಿತ್ತು ಎನ್ನುವುದೂ ನೆನಪಾಯಿತು.

ಅದಕ್ಕೆ ಆರು ವರ್ಷ. ಮದುವೆಯಾಗಿ ಹದಿನಾರು ವರ್ಷಕ್ಕೆ, ಆಸೆಯನ್ನೆಲ್ಲ ಮಡಿಸಿ ಅಟ್ಟಕ್ಕೆ ಹಾಕಿದ ಮೇಲೆ, ಅವಳು ಬಸಿರಾಗಿದ್ದಳು. ನಾಲ್ಕು ತಿಂಗಳು ತುಂಬುತ್ತಿದ್ದ ಹಾಗೆ ಹೋಯಿತು. ಅವನು ಆಗ ಬೇರೆ ಊರಿನಲ್ಲಿ ಒಂದು ದೊಡ್ಡ ಚಿತ್ರದ ಕೊನೆಯ ಸೌಂಡ್ ಕೆಲಸದಲ್ಲಿದ್ದ. ಆಸ್ಪತ್ರೆಯಿಂದ ಅವಳೇ ಫೋನ್ ಮಾಡಿ ಹೇಳಿದಳು. “ಬರ್ಲಾ?” ಎಂದು ಕೇಳಿದ. ಅಲ್ಲ, ಇಂಥದ್ದನ್ನು ಯಾರಾದರೂ ಕೇಳುತ್ತಾರಾ? ಕೇಳಿದ ಮೇಲೆ ಅವಳು ಇನ್ನೇನು ಹೇಳಬೇಕಿತ್ತು? “ಬೇಡ, ಕೆಲಸ ಮುಗಿಸ್ಕೊಂಡೇ ಬನ್ನಿ” ಎಂದಳು. ಅವನು ಅದನ್ನು ಅಕ್ಷರಶಃ ನಂಬಿ ಕೆಲಸ ಮುಗಿಸಿಕೊಂಡೇ ಬಂದ. ಎರಡು ದಿನ ನಾದಿನಿ ಬಂದು ಜೊತೆಗಿದ್ದಳು, ಮಕ್ಕಳಿಗೆ ಪರೀಕ್ಷೆ ಎಂದು ಹೊರಟುಹೋದಳು. ಮೂರನೆಯ ದಿನ ಸಂಜೆ ಅವನು ಬಂದ, ಬಗಲಲ್ಲಿ ಒಂದು ಹೊಸ ಮೈಕಿನ ಡಬ್ಬಿ.

ಹೊಸ ಮೈಕ್ ಬಂದರೆ ಮೊದಲು ಅಡುಗೆಮನೆಯಲ್ಲಿ ಇಟ್ಟು ನೋಡುವುದು ಅವನ ಪದ್ಧತಿ. ಕುಕ್ಕರು, ನಲ್ಲಿ, ಫ್ರಿಜ್ಜು, ಬೀದಿಯ ಸದ್ದು, ಎಲ್ಲ ಒಟ್ಟಿಗೆ ಇರುವ ಜಾಗ ಅದೊಂದೇ, ಅಲ್ಲಿ ಗೆದ್ದ ಮೈಕ್ ಎಲ್ಲಿಯಾದರೂ ಗೆಲ್ಲುತ್ತದೆ ಎನ್ನುತ್ತಿದ್ದ. ಅವತ್ತೂ ಕಪಾಟಿನ ಮೇಲೆ ಮೈಕ್ ಇಟ್ಟು, ವೈರು ಎಳೆದುಕೊಂಡು, ಊಟದ ಮೇಜಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತ. ಏನು ಮಾತಾಡಬೇಕೆಂದು ತೋಚದ ಗಂಡಸು ಕೈಗೆ ಸಿಕ್ಕ ಕೆಲಸ ಹಿಡಿದ ಎಂದು ಅವಳೇ ಅವತ್ತು ಹೊಟ್ಟೆಗೆ ಹಾಕಿಕೊಂಡಿದ್ದಳು. ಅವನು ಕೇಳಿದ: “ಹೇಗಿದೀಯ?”

“ನಂಗೇನೂ ಆಗಿಲ್ಲ,” ಎಂದಳು. ಎಂದವಳು ತಿರುಗಿ ನಲ್ಲಿ ಬಿಟ್ಟಳು. ಪೂರ್ತಿ ಬಿಟ್ಟಳು. ಸಿಂಕಿನ ಅಂಚು ಹಿಡಿದು, ಆ ನೀರಿನ ಸದ್ದಿನ ಅಡಿಯಲ್ಲಿ, ಹೊಟ್ಟೆಯೊಳಗಿನ ಖಾಲಿ ಜಾಗ ಹಿಂಡಿ ಹಿಂಡಿ ಅತ್ತಳು. ಹತ್ತಿರ ಬಂದಾನು ಎಂದು ಕಾದಳು. ಬರಲಿಲ್ಲ. ನಲ್ಲಿ ನಿಲ್ಲಿಸಿ, ಮುಖ ಒರೆಸಿ, “ನೀವು ಊಟ ಮಾಡಿ” ಎಂದಳು. ಮತ್ತೆ ನಲ್ಲಿ. ಈ ಸಲ ಇನ್ನೂ ಹೆಚ್ಚು ಹೊತ್ತು. ಕೊನೆಗೆ “ಆರಿ ಹೋಗುತ್ತೆ” ಎಂದು ತಟ್ಟೆ ತಂದು ಅವನ ಮುಂದೆ ಇಟ್ಟಳು. ಮೂರು ಮಾತಿಗೆ ನಾಲ್ಕು ನಿಮಿಷ ಹಿಡಿದಿತ್ತು. ಈಗ ಕೇಳಿಸಿದ್ದು ಆರು ಸೆಕೆಂಡು.

“ಅಕ್ಕಾ, ರೆಡಿನಾ? ಅದನ್ನೇ ಹಿಡ್ಕೊಳ್ಳಿ, ಸಾಕು,” ಎಂದ ಡೈರೆಕ್ಟರು.

ದನಿಯಕ್ಕ ಹೆಡ್‌ಫೋನ್ ತೆಗೆದಳು. “ನಲ್ಲಿ ಎಲ್ಲಿ ಹೋಯ್ತು ಸಾರ್?”

ಗಾಜಿನ ಆಚೆ ಅವನು ತಲೆ ಎತ್ತಿದ. “ಯಾವ ನಲ್ಲಿ ಮೇಡಂ?”

“ಅದರ ಮಧ್ಯ ನಲ್ಲಿ ಇತ್ತು.”

“ಓ, ಅದಾ. ಕ್ಲೀನ್ ಮಾಡ್ದೆ. ಬರೀ ನಾಯ್ಸ್.”

ಡೈರೆಕ್ಟರು ಒಮ್ಮೆ ಇವಳನ್ನು, ಒಮ್ಮೆ ಅವನನ್ನು ನೋಡಿದ. ಏನೋ ಕಾಲಿಗೆ ತೊಡರಿತು ಎಂದು ಅವನಿಗೂ ಅನಿಸಿರಬೇಕು. “ಹತ್ತು ನಿಮಿಷ ಬ್ರೇಕ್” ಎಂದು ಹೊರಗೆ ಹೋದ, ಹಿಂದೆಯೇ ಸಂಭಾಷಣೆಯವರೂ ಹೋದರು.

ಬೂತಿನ ಬಾಗಿಲು ದಪ್ಪದ್ದು, ತಳ್ಳುವುದಕ್ಕೆ ಎರಡು ಕೈ ಬೇಕು. ಅವಳು ತಳ್ಳಿಕೊಂಡು ಬಂದು ಕನ್ಸೋಲಿನ ಪಕ್ಕ ನಿಂತಳು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಆ ಕೋಣೆಯಲ್ಲಿ ನಿಯಮ ಮುರಿದಳು.

“ಏನ್ರೀ ಇದು? ನಾಲ್ಕು ಜನರ ಮುಂದೆ ಹಾಕೋ ಅಂಥದ್ದಾ ಅದು?”

ಅವನು ಯಾವುದೋ ಗುಂಡಿ ತಿರುಗಿಸುತ್ತಿದ್ದ. “ಅವನಿಗೆ ಬೇಕಾಗಿದ್ದು ಅದು. ಕೆಲಸ ಆಗ್ಬೇಕಲ್ಲ.”

“ಅವನಿಗೆ ಬೇಕಾಗಿದ್ದು ಏನೂ ಅನ್ನಿಸದೇ ಇರೋಳ ದನಿ.”

“ಹೂಂ.”

“ಅದಕ್ಕೆ ನಿಮಗೆ ನನ್ನ ಆ ದಿನ ನೆನಪಾಯ್ತು.”

ಅವನು ಗುಂಡಿ ಬಿಟ್ಟ. ಆಮೇಲೆ ಮಾತು ಆರು ವರ್ಷ ಕೊಳೆತದ್ದರ ಹಾಗೆ ಒಂದೇ ಸಮ ಹೊರಗೆ ಬಂತು. “ಇನ್ನೇನು ನೆನಪಾಗ್ಬೇಕಿತ್ತು ಹೇಳು? ನಾನು ಅಲ್ಲಿ ಸ್ಟುಡಿಯೋ ಬಾತ್‌ರೂಮಲ್ಲಿ ಬಾಯಿಗೆ ಟವೆಲ್ ತುರುಕ್ಕೊಂಡು ಅತ್ತೆ, ಗೊತ್ತಾ? ಬಸ್ಸಲ್ಲಿ ದಾರಿಯುದ್ದಕ್ಕೂ ಏನು ಹೇಳ್ಲಿ, ಹೇಗೆ ಸಮಾಧಾನ ಮಾಡ್ಲಿ ಅಂತ ಯೋಚ್ನೆ ಮಾಡ್ಕೊಂಡು ಬಂದೆ. ಬಂದ್ರೆ ನೀನು ತಟ್ಟೆ ತಂದು ಇಟ್ಟೆ! ಒಂದು ಹನಿ ಕಣ್ಣೀರು ಹಾಕಲಿಲ್ಲ ನೀನು. ಕಲ್ಲು ಮನಸ್ಸು ಕಣೋ ಅವಳದ್ದು ಅಂತ ಅಮ್ಮ ಅಂದಾಗ ಅವಳ ಮೇಲೇ ರೇಗಿದ್ದೆ. ಆಮೇಲೆ ಈ ಫೈಲ್ ಕೇಳಿದೆ. ಎಷ್ಟು ಸಲ ಕೇಳಿದೀನಿ ಅಂತ ನಿಂಗೆ ಗೊತ್ತಿಲ್ಲ. ಎಲ್ಲಾದ್ರೂ ಒಂದು ಕಡೆ ದನಿ ನಡುಗುತ್ತಾ ಅಂತ ಹುಡುಕಿದೀನಿ. ಇಲ್ಲ. ಎಲ್ಲೂ ಇಲ್ಲ.”

ಟವೆಲ್ ಎಂದನಲ್ಲ, ಅದು ಅವಳ ಕರುಳಿಗೇ ತಾಕಿತು. ಈ ಮನುಷ್ಯ ಅತ್ತಿದ್ದ! ಆರು ವರ್ಷ ಅವಳು ಅವನನ್ನು ಮೈಕ್ ತಂದವನು ಎಂದೇ ಎಣಿಸಿದ್ದಳು. ಅವನ ಬಟ್ಟೆ ಒಗೆಯುವಾಗ, ಅವನ ಪಕ್ಕ ಮಲಗುವಾಗ, ಮೂರು ದಿನ ತಡವಾಗಿ ಬಂದವನು, ಮೈಕ್ ತಂದವನು.

“ನೀವು ಅತ್ತಿದ್ದು ನಂಗೆ ಯಾಕೆ ಹೇಳಲಿಲ್ಲ?”

“ನೀನು ಕೇಳಲಿಲ್ಲ.”

“ಸರಿ, ಈಗ ನಾನು ಹೇಳ್ತೀನಿ, ಕೇಳಿ,” ಎಂದಳು. ದನಿ ನಡುಗುತ್ತಿತ್ತು, ನಡುಗಲಿ ಎಂದು ಬಿಟ್ಟಳು. “ನಲ್ಲಿ ಬಿಟ್ಟಿದ್ದು ಪಾತ್ರೆ ತೊಳೆಯೋಕಲ್ಲ. ಸಿಂಕಲ್ಲಿ ಒಂದು ಲೋಟವೂ ಇರಲಿಲ್ಲ. ನೀವು ಬಂದ ತಕ್ಷಣ ಅಳು ತೋರಿಸಿ, ತಡವಾಗಿ ಬಂದ್ರಲ್ಲ ಅಂತ ಚುಚ್ಚಿದ ಹಾಗೆ ಆಗೋದು ಬೇಡ ಅಂತ ನಲ್ಲಿ ಬಿಟ್ಟೆ. ಆ ನೀರಿನ ಸದ್ದಲ್ಲಿ ನಾನಿದ್ದೀನಿ ರೀ. ನಾಲ್ಕು ನಿಮಿಷ ಪೂರ್ತಿ ನಾನೇ ಇದ್ದೀನಿ. ನೀವು ಇಟ್ಕೊಂಡಿರೋದು ಮೂರು ಮಾತು, ಎಸೆದಿರೋದು ನನ್ನನ್ನ. ಕ್ಲೀನ್ ಮಾಡ್ದೇ ಇರೋದನ್ನ ಹಾಕಿ. ಒಂದೇ ಒಂದು ಸಲ ಕೇಳಿ. ಆಮೇಲೆ ಈ ಹುಡುಗನಿಗೆ ಹೇಗೆ ಬೇಕೋ ಹಾಗೆ ಮಾತಾಡ್ತೀನಿ, ನೂರು ಸಲ ಮಾತಾಡ್ತೀನಿ.”

ಅವನು ಡಿಸ್ಕಿನ ಕಡೆ ನೋಡಿದ. ಆಮೇಲೆ ನೆಲ ನೋಡಿದ.

“ಅದು ಇಲ್ಲ.”

“ಇಲ್ಲ ಅಂದ್ರೆ?”

“ಡಿಲೀಟ್ ಮಾಡ್ದೆ. ಡಿಸ್ಕಲ್ಲಿ ಜಾಗ ಇರಲಿಲ್ಲ. ಕ್ಲೀನ್ ಆಗಿರೋದು ಇದ್ಯಲ್ಲ ಅಂತ...”

ಜಾಗ ಇರಲಿಲ್ಲವಂತೆ. ಅದೇ ಡಿಸ್ಕಿನಲ್ಲಿ ನಾಯಿ ಬೊಗಳಿದ್ದು ಹನ್ನೊಂದು ಬಗೆ ಇತ್ತು, ಬಾಗಿಲು ಕಿರುಗುಟ್ಟಿದ್ದು ನಲವತ್ತು ಬಗೆ ಇತ್ತು. ಅವಳಿಗೆ ಅದೆಲ್ಲ ಗೊತ್ತು, ಪಟ್ಟಿ ಬರೆದುಕೊಟ್ಟವಳು ಅವಳೇ.

ಆದರೂ ಅವಳು ಕೈ ಬಿಡಲಿಲ್ಲ. ಫೈಲು ಹೋದರೆ ಹೋಯಿತು, ತಾನು ಇದ್ದೇನಲ್ಲ, ತನ್ನ ಬಾಯಿ ಇದೆಯಲ್ಲ ಎಂದುಕೊಂಡಳು. ಕುರ್ಚಿಯ ಹತ್ತಿರ ಬಂದು, ಅವನ ಭುಜದ ಮೇಲೆ ಕೈಯಿಟ್ಟಳು. ಹಾಗೆ ಕೈಯಿಟ್ಟು ಎಷ್ಟು ಕಾಲವಾಗಿತ್ತೋ! “ಹೋಗ್ಲಿ ಬಿಡಿ. ನಾನು ಹೇಳ್ತಿದೀನಲ್ಲ. ಅತ್ತಿದ್ದೆ ರೀ. ನಿಮ್ಮಷ್ಟೇ ಅತ್ತಿದ್ದೆ.”

ಅವನು ತಲೆ ಎತ್ತಿ ಅವಳನ್ನು ನೋಡಿದ. ನೋಡಿದ್ದು ಎಷ್ಟು ಹೊತ್ತು ಎಂದರೆ ಅವಳಿಗೆ ಆಸೆಯೇ ಹುಟ್ಟಿಬಿಟ್ಟಿತು. ಮುಖ ಸಡಿಲವಾಯಿತು, ಹುಬ್ಬಿನ ನಡುವಿನ ಗಂಟು ಬಿಚ್ಚಿತು. ಇನ್ನೇನು, ಒಂದು ಮಾತು, ಒಂದೇ ಮಾತು. ಅವನು ನಿಧಾನಕ್ಕೆ ತಲೆ ಅಲ್ಲಾಡಿಸಿದ.

“ಇಲ್ಲ ಕಣೆ,” ಎಂದ, ಸಿಟ್ಟಿಲ್ಲದೆ, ಮಗುವಿಗೆ ಲೆಕ್ಕ ತಿಳಿಸಿ ಹೇಳುವವನ ಹಾಗೆ. “ನಾನು ಹೆಡ್‌ಫೋನ್ ಹಾಕ್ಕೊಂಡಿದ್ದೆ. ಆ ಮೈಕ್ ಎಂಥದ್ದು ಗೊತ್ತಾ ನಿಂಗೆ? ಇದ್ದಿದ್ರೆ ನಂಗೆ ಕೇಳಿಸ್ತಿತ್ತು.”

ಅವಳು ಕೈ ತೆಗೆದಳು.

ಸುಳ್ಳು ಹೇಳುತ್ತಿದ್ದೀಯ ಎಂದು ಅವನು ಅಂದಿದ್ದರೆ ಜಗಳವಾಡಬಹುದಿತ್ತು. ಅವನು ಹಾಗೆ ಅನ್ನಲಿಲ್ಲ. ಅವಳು ಈಗ ಹಾಗೆ ನೆನಪಿಸಿಕೊಳ್ಳುತ್ತಿದ್ದಾಳೆ, ಪಾಪ, ಅಳಬೇಕಿತ್ತು ಎಂದು ಈಗ ಅವಳಿಗೆ ಅನಿಸುತ್ತಿದೆ ಎನ್ನುವ ಹಾಗೆ ನೋಡಿದ. ಅವಳ ಅಳುವಿಗೆ ಅವಳ ಮಾತೇ ಸಾಕ್ಷಿಯಾಗಲಿಲ್ಲ, ಅವನ ಕಿವಿ ಸಾಕ್ಷಿ ಹೇಳಬೇಕಿತ್ತು. ಆ ಕಿವಿಗೆ ಫ್ಯಾನ್ ಕೇಳುತ್ತಿತ್ತು, ಕುರ್ಚಿ ಕೇಳುತ್ತಿತ್ತು, ಅವಳ ಹೊಟ್ಟೆ ಹಸಿದದ್ದು ಕೇಳುತ್ತಿತ್ತು. ಅದೇ ಹೊಟ್ಟೆ ಅತ್ತದ್ದು ಕೇಳಿರಲಿಲ್ಲ. ಕೇಳಿರಲಿಲ್ಲವಾದ್ದರಿಂದ ಅದು ನಡೆದೇ ಇರಲಿಲ್ಲ.

ಡೈರೆಕ್ಟರು ಬಾಗಿಲಿನಿಂದ ಇಣುಕಿದ. “ಅಕ್ಕಾ, ಮಾಡೋಣ್ವಾ? ಅಥವಾ ನಾಳೆ...?”

“ಈಗ್ಲೇ ಮಾಡೋಣ ಬಾಪ್ಪಾ,” ಎಂದಳು. “ಒಂದೇ ಟೇಕ್.”

ಬೂತಿಗೆ ಹೋದಳು, ನೀರು ಕುಡಿದಳು, ಚಪ್ಪಲಿ ಬಿಟ್ಟಳು. ಪರದೆಯಲ್ಲಿ ಆ ಹೆಣ್ಣು ಮತ್ತೆ ಬಾಗಿಲಿಗೆ ಬಂದು ನಿಂತಳು. ಈ ಸಲ ದನಿಯಕ್ಕ ಅವಳ ಕಣ್ಣನ್ನು ನೋಡಲಿಲ್ಲ, ಗಾಜಿನ ಆಚೆ ತಲೆ ಬಗ್ಗಿಸಿ ಮೀಟರಿನ ಮುಳ್ಳು ನೋಡುತ್ತಿದ್ದವನನ್ನು ನೋಡಿದಳು. ತನ್ನದೇ ಹಳೆಯ ದನಿಯನ್ನು ಚಾಚೂ ತಪ್ಪದೆ ನಕಲು ಮಾಡಿದಳು. “ನಂಗೇನೂ ಆಗಿಲ್ಲ. ನೀವು ಬಾಗಿಲು ಹಾಕ್ಕೊಳ್ಳಿ, ಚಳಿ ಬರುತ್ತೆ.”

“ಓಕೆ!” ಎಂದು ಡೈರೆಕ್ಟರು ಕುಣಿದ. ಸಂಭಾಷಣೆಯವರು ಮಾತ್ರ ಸೋಫಾದ ಮೇಲೆ ಕೂತು ಮತ್ತೆ ಕನ್ನಡಕ ಒರೆಸಿಕೊಳ್ಳುತ್ತಿದ್ದರು. “ತುಂಬಾ ಚೆನ್ನಾಗಿ ಬಂತು ಮೇಡಂ,” ಎಂದ ಅವಳ ಗಂಡ. ಆ ಹೊಗಳಿಕೆಯಲ್ಲಿ ಯಾವ ಕೊಂಕೂ ಇರಲಿಲ್ಲ.

ಚಿತ್ರ ಬಿಡುಗಡೆಯಾದ ದಿನ ಬೆಳಗಿನ ಆಟಕ್ಕೆ ಇಬ್ಬರೂ ಹೋದರು. ಅದೂ ಒಂದು ಪದ್ಧತಿ. ಕೊನೆಯ ಸಾಲಿನಲ್ಲಿ ಕೂತು ಅವನು ಥಿಯೇಟರಿನ ಸ್ಪೀಕರುಗಳ ಕಷ್ಟಸುಖ ವಿಚಾರಿಸುತ್ತಿದ್ದ. ಬಲಗಡೆಯದು ಬುಸುಗುಟ್ಟುತ್ತಿದೆ ಎಂದು ಎರಡು ಸಲ ಅವಳ ಕಿವಿಯಲ್ಲಿ ಹೇಳಿದ. ಜನ ಪರವಾಗಿಲ್ಲ ಎನ್ನುವಷ್ಟು ಇದ್ದರು. ಮುಂದಿನ ಸಾಲಿನಲ್ಲಿ ಇಬ್ಬರು ಹೆಂಗಸರು, ಅಕ್ಕತಂಗಿಯರಿರಬೇಕು, ಮೂಗು ಒಂದೇ ಅಚ್ಚಿನದು. ದೊಡ್ಡವಳು ಯಾವುದೋ ಅಂಗಡಿಯ ಸಮವಸ್ತ್ರದಲ್ಲೇ ಬಂದಿದ್ದಳು, ಎದೆಯ ಮೇಲೆ ಹೆಸರಿನ ಬಿಲ್ಲೆ ಇನ್ನೂ ಇತ್ತು. ಚಿತ್ರ ಶುರುವಾದಾಗಿನಿಂದ ಇಬ್ಬರೂ ಪಿಸುಪಿಸು ಎಂದು ವಿಜ್ಞಾನಿಯ ಗಡ್ಡವನ್ನು ಆಡಿಕೊಳ್ಳುತ್ತಿದ್ದರು.

ಕೊನೆಯ ದೃಶ್ಯ ಬಂತು. ಬಾಗಿಲು, ಕೈ, ಚಪ್ಪಲಿ ಇಲ್ಲದ ಕಾಲು, ಹಿಂದೆ ಸಣ್ಣಗೆ ಪಿಟೀಲು. ದನಿಯಕ್ಕನ ದನಿ ಇಡೀ ಥಿಯೇಟರಿನಲ್ಲಿ ಹರಡಿತು. “ನಂಗೇನೂ ಆಗಿಲ್ಲ.” ಮುಂದಿನ ಸಾಲಿನ ಪಿಸುಪಿಸು ನಿಂತಿತು. “ನೀವು ಬಾಗಿಲು ಹಾಕ್ಕೊಳ್ಳಿ, ಚಳಿ ಬರುತ್ತೆ.” ಬಾಗಿಲು ಮುಚ್ಚಿಕೊಂಡಿತು.

ಬಿಲ್ಲೆಯ ಹೆಂಗಸು ಸೆರಗಿಲ್ಲದ ಬಟ್ಟೆಯಲ್ಲಿ ಸೆರಗು ಹುಡುಕಿ, ಸಿಗದೆ ಅಂಗೈಯಿಂದಲೇ ಕಣ್ಣು ಒರೆಸಿಕೊಂಡಳು. “ಅಯ್ಯೋ, ಎಷ್ಟು ನುಂಗ್ಕೊಂಡು ಮಾತಾಡ್ತಾಳೆ ನೋಡೇ,” ಎಂದಳು ತಂಗಿಗೆ. “ಆ ಮುಟ್ಠಾಳನಿಗೆ ಕೇಳಿಸ್ತಾನೇ ಇಲ್ಲ.”

ಯಾರೋ ಏನೋ, ಗುರುತಿಲ್ಲ ಪರಿಚಯವಿಲ್ಲ. ಆರು ವರ್ಷದಲ್ಲಿ ಅದನ್ನು ಕೇಳಿಸಿಕೊಂಡವಳು ಅವಳೊಬ್ಬಳೇ. ದನಿಯಕ್ಕನಿಗೆ ಎದ್ದುಹೋಗಿ ಆ ಹೆಂಗಸಿನ ಕೈ ಹಿಡಿದುಕೊಳ್ಳಬೇಕು ಎನಿಸಿತು. ಕೂತಲ್ಲೇ ಗಂಡನ ಕಡೆ ತಿರುಗಿದಳು. ಅವನಿಗೂ ಆ ಮಾತು ಕೇಳಿಸಿತ್ತು. ಅವನಿಗೆ ಕೇಳಿಸದೆ ಇರುತ್ತದೆಯೇ? ಮುಂದಿನ ಸಾಲು, ಮೂರಡಿ ದೂರ. ಅವಳು ಅವನ ಮುಖವನ್ನೇ ನೋಡುತ್ತ ಕಾದಳು. ಬಾಯಿ ಬಿಟ್ಟು ಬೇಡಿದ್ದಾಗಿತ್ತು, ಈಗ ಊರವರೇ ಸಾಕ್ಷಿ ಹೇಳಿದ್ದರು, ಇದಕ್ಕಿಂತ ಹೆಚ್ಚು ಇನ್ನೇನು ಬೇಕು ಈ ಮನುಷ್ಯನಿಗೆ ಎಂದು ಕಾದಳು.

ಅವನು ಅವಳ ಕಡೆ ಬಗ್ಗಿದ. “ನೋಡ್ದ್ಯಾ? ಮ್ಯೂಸಿಕ್ ಕೆಲಸ ಮಾಡಿದೆ.”

ಮನೆಗೆ ಬಂದಾಗ ಮಧ್ಯಾಹ್ನ ಎರಡು ಗಂಟೆ. ಬೆಳಿಗ್ಗೆ ಮಾಡಿಟ್ಟಿದ್ದನ್ನು ಬಿಸಿ ಮಾಡಿದಳು. ಅವನು ಮೇಜಿನ ಮುಂದೆ ಕೂತು ಯಾರಿಗೋ ಫೋನಿನಲ್ಲಿ ಆ ಬಲಗಡೆಯ ಸ್ಪೀಕರಿನ ಮೇಲೆ ದೂರು ಹೇಳಿ ಇಟ್ಟ. ಏನೋ ಸರಿಯಿಲ್ಲ ಎಂದು ಅವನಿಗೂ ಅನಿಸಿರಬೇಕು, ಕೆಟ್ಟ ಮನುಷ್ಯನೇನಲ್ಲ. “ಥಿಯೇಟರಿಂದ ಒಂದು ಮಾತೂ ಆಡಿಲ್ಲ ನೀನು,” ಎಂದ. “ಏನಾಯ್ತೇ?”

ಅವಳು ತಟ್ಟೆ ತಂದು ಅವನ ಮುಂದಿಟ್ಟಳು.

“ನಂಗೇನೂ ಆಗಿಲ್ಲ. ನೀವು ಊಟ ಮಾಡಿ. ಆರಿ ಹೋಗುತ್ತೆ.”

ತಿರುಗಿ ಸಿಂಕಿನ ಹತ್ತಿರ ಹೋದಳು. ಕೈ ಅಭ್ಯಾಸದಂತೆ ನಲ್ಲಿಯ ಮೇಲೆ ಹೋಗಿ ಕೂತಿತು. ಕಿಟಕಿಯಾಚೆ ಯಾರದೋ ಬಟ್ಟೆ ಒಣಗುತ್ತಿತ್ತು. ಅಳು ಬರಲಿ ಎಂದು ಅವಳು ಸ್ವಲ್ಪ ಹೊತ್ತು ಕಾದಳು, ಬಂದರೆ ಈ ಸಲ ಮುಚ್ಚಿಕೊಳ್ಳುವುದಿಲ್ಲ, ಅವನ ಎದುರಿಗೇ ಅತ್ತುಬಿಡುತ್ತೇನೆ ಎಂದುಕೊಂಡಳು. ಹಿಂದೆ ಅವನು ಊಟ ಶುರು ಮಾಡಿದ ಸದ್ದು ಕೇಳುತ್ತಿತ್ತು. ಏನೂ ಬರಲಿಲ್ಲ. ನಲ್ಲಿ ಬಿಡುವ ಅಗತ್ಯವೇ ಬೀಳಲಿಲ್ಲ.